ಹದಿನಾರನೆಯ ಚೀಟಿ

ನಮ್ಮ ಗಲ್ಲಿಯಲ್ಲಿ ಮೂವತ್ತೊಂದು ಮಂಡಕ್ಕಿ ಭಟ್ಟಿ,
ಭಟ್ಟಿಗೊಂದರಂತೆ ಮೂವತ್ತೊಂದು ಕರೆಂಟ್ ಕಂಬ.
ನಲ್ಲಿ ಮಾತ್ರ ಒಂದೇ ಬರುವುದಿತ್ತು.
ಎಲ್ಲಿ ಬೇಕು ನೀವೇ ಹೇಳಿ ಅಂದು
ಪಾಲಿಕೆಯವರು ಬೈಕು ಹತ್ತಿದರು.

ಮೊದಲ ಸಭೆಯಲ್ಲಿ ಕೈ ಎತ್ತಬೇಕಿತ್ತು.
ಎಲ್ಲರ ಕಣ್ಣೂ ಗುತ್ಯಪ್ಪನ ಕೈಮೇಲೆ,
ಉರಿಸುವ ಹೊಟ್ಟೆಲ್ಲ ಅವನ ಲಾರಿಯಲ್ಲೇ ಬರುವುದು.
ಆ ಕೈ ಏಳಲಿಲ್ಲ. ಹಾಗಾಗಿ ಯಾವುದೂ ಏಳಲಿಲ್ಲ.
ಚಹಾ ಕುಡಿದು ಎದ್ದೆವು.

ಎರಡನೆಯ ಸಲ ಚೀಟಿ.
ಬೇಕಾದ ಕಂಬದ ನಂಬರು ಬರೀರಿ,
ಕೂಡಿಸಿ ಭಾಗಿಸೋಣ, ಬಂದಲ್ಲಿ ನಲ್ಲಿ, ಅಂದ
ಬಿಕಾಂ ಓದಿದ ದಾದಾಪೀರ.
ಇಪ್ಪತ್ತೆಂಟನೆಯ ಭಟ್ಟಿಯ ಚಮನ್‌ಸಾಬ್ ಇನ್ನೂರು ಬರೆದ.
ಅವನು ಹಾಗೆ ಬರೆದಾನೆಂದು ಪಕ್ಕದವನೂ ಇನ್ನೂರು.
ಈ ತುದಿಯವರದು ಒಂದು, ಒಂದು, ಒಂದು,
ಅದಕ್ಕಿಂತ ಕೆಳಗೆ ಹೋಗಲು ಅಂಕಿ ಸಿಗದೆ.
ಭಾಗಿಸಿದರೆ ನಲವತ್ತೇಳು.
ಅಂಥ ಕಂಬ ಇದ್ದಿದ್ದರೆ
ಹುಬ್ಬಳ್ಳಿ ರೈಲು ಅದಕ್ಕೆ ಗುದ್ದುತ್ತಿತ್ತು.
ನಾನು ಇಪ್ಪತ್ತೆರಡನೆಯವನು.
ಎಷ್ಟು ಬರೆದೆ ಅಂತ ಕೇಳಬೇಡಿ.

ಮರಳು ಜರಡಿ ಹಿಡಿಯುವ ಜಬೀನಾ
ಮುಖದ ಮಸಿ ಒರೆಸಿಕೊಳ್ಳುತ್ತ ಬಂದಳು.
ಕೂಡಿಸೋದು ಯಾಕೆ? ಸಾಲಾಗಿ ಇಡಿ.
ಸಣ್ಣದು ಈ ಕಡೆ, ದೊಡ್ಡದು ಆ ಕಡೆ,
ನಟ್ಟನಡುವಿನದು, ಹದಿನಾರನೆಯ ಚೀಟಿ,
ಅದು ಹೇಳಿದ ಕಡೆ ನಲ್ಲಿ.
ಆಗ ಚಮನಣ್ಣ ಇನ್ನೂರಲ್ಲ, ಇಪ್ಪತ್ತು ಸಾವಿರ ಬರೀಲಿ,
ಬಲಗಡೆ ಇದ್ದೋನು ಬಲಗಡೇನೇ ಇರ್ತಾನೆ,
ನಡುವಿನೋನಿಗೆ ಗಾಳಿಯೂ ತಾಕೋದಿಲ್ಲ.
ಜಾಣತನಕ್ಕೆ ಒಂದು ಅಂತ ಬರೆದನೋ,
ನಲ್ಲಿ ಅವನಿಂದ ಇನ್ನೂ ದೂರ ಓಡುತ್ತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಗುತ್ಯಪ್ಪ ಚೀಟಿಯ ಆ ಬದಿ ಈ ಬದಿ ನೋಡಿದ,
ಎಲ್ಲಿ ಕೈ ಹಾಕುವುದು ಅಂತ.

ಆ ರಾತ್ರಿ ಭಟ್ಟಿ ಆರಿದ ಮೇಲೆ
ಬಿಳಿ ಚೀಟಿ ಮುಂದಿಟ್ಟುಕೊಂಡು ಕೂತೆ.
ನಲವತ್ತು ವರ್ಷದ ಅಭ್ಯಾಸ ನನ್ನದು:
ಹತ್ತು ಬೇಕಿದ್ದರೆ ಇಪ್ಪತ್ತು ಕೇಳು,
ಗೆಲ್ಲುವವನಿಗೆ ಹಾಕು, ನಿನ್ನವನಿಗಲ್ಲ,
ಬೇಡದವನು ಸೋಲಲೆಂದು ಇನ್ನೊಬ್ಬ ಬೇಡದವನಿಗೆ ಒತ್ತು.
ಈಗ ಸುಳ್ಳಿಗೆ ಮೂರು ಕಾಸಿನ ಬೆಲೆಯಿಲ್ಲ.
ನಿಜ ಬರೆಯೋಣ ಅಂದರೆ
ನನಗೆ ಬೇಕಾದ್ದು ಯಾವ ಕಂಬ?
ಬಾಗಿಲ ಮುಂದೆಯೇ ಇರಲಿ ಅಂದುಕೊಂಡೆ.
ಬೆಳಗಿನ ಜಾವ ಬಾಗಿಲ ಮುಂದೆಯೇ
ಮೂವತ್ತು ಮನೆಯ ಕೊಡ, ಮೂವತ್ತು ಮನೆಯ ಜಗಳ.
ಅಳಿಸಿದೆ. ಬರೆದೆ. ಅಳಿಸಿದ ಕಡೆ ಕಾಗದ ತೆಳುವಾಯಿತು.
ಇಷ್ಟು ದಿನ ಊರಿಗೆ ಹೇಳಿದ ಸುಳ್ಳಿನ ಕೆಳಗೆ
ನಿಜವೊಂದು ಇದ್ದೇ ಇರುತ್ತದೆಂದು ನಂಬಿದ್ದೆ,
ಹೊಟ್ಟಿನ ಕೆಳಗೆ ಕಾಳಿದ್ದ ಹಾಗೆ.
ಕೋಳಿ ಕೂಗುವ ಹೊತ್ತಿಗೆ ಹದಿನೆಂಟು ಅಂತ ಬರೆದು ಮಡಿಚಿದೆ.

ಹದಿನಾರನೆಯ ಚೀಟಿ ಹದಿಮೂರು ಅಂದಿತು.
ಯಾರದೋ ತಿಳಿಯದು. ಅಕ್ಷರ ನಡುಗಿತ್ತು.

ಮುಂದಿನ ತಿಂಗಳು ಸಂಘದ ಅಧ್ಯಕ್ಷರ ಚುನಾವಣೆ.
ಮೂವರು ನಿಂತಿದ್ದಾರೆ. ಜಬೀನಾಳ ಬಳಿ ಓಡಿದೆವು.
ಕಂಬಗಳು ಸಾಲಾಗಿ ನಿಂತಿದ್ವು, ಅಂದಳು ಅವಳು,
ಯಾವುದರ ಮುಂದೆ ಯಾವುದು ಅಂತ ಗೊತ್ತಿತ್ತು.
ಈ ಮೂವರನ್ನ ಹೆಂಗೆ ನಿಲ್ಲಿಸ್ತೀರಿ?
ನಿಂಗೆ ಇವನು ನಡುವೆ, ಅವಳಿಗೆ ಅವನು ನಡುವೆ.
ನನ್ನ ಹತ್ರ ಇರೋದು ಒಂದೇ ಜರಡಿ.
ಬಿಸಿ ಮರಳು ಸುರಿದಳು.
ಮಂಡಕ್ಕಿ ಮೇಲುಳಿಯಿತು, ಮರಳು ಇಳಿಯಿತು.

ಗುತ್ಯಪ್ಪನ ಲಾರಿ ಆಗಲೇ ಮನೆಮನೆಯ ಮುಂದೆ
ನಿಧಾನ ಮಾಡುತ್ತಿದೆ.

ನಾನು ದಿನಾ ಒಂಬತ್ತು ಕಂಬ ನಡೆದು ನೀರು ತರುತ್ತೇನೆ.
ಹದಿನೆಂಟರ ಹತ್ತಿರ ಕೊಡ ಇಳಿಸಿ,
ಕೈ ಬದಲಿಸಿ,
ಮತ್ತೆ ಎತ್ತುತ್ತೇನೆ.